ರಕ್ತ ನುಡಿಯುವ ಸಾಕ್ಷ್ಯ

ಕನ್ನಡದಲ್ಲಿ ಎದೆ ಎಂಬ ಮಾತು ಕೇವಲ ದೇಹದ ಒಂದು ಭಾಗದ ಹೆಸರಲ್ಲ. ಧೈರ್ಯವುಳ್ಳವನನ್ನು ಎದೆಗಾರನೆನ್ನುತ್ತೇವೆ; ಧೈರ್ಯಗೆಟ್ಟವನು ಎದೆಗುಂದಿದನೆನ್ನುತ್ತೇವೆ. ಕೆಟ್ಟ ಸುದ್ದಿಯನ್ನು ಕೇಳಿದಾಗ ಎದೆ ಝಲ್ಲೆನ್ನುತ್ತದೆ. ಮಕ್ಕಳ ಏಳಿಗೆಯನ್ನು ಕಂಡಾಗ ಎದೆ ತುಂಬಿ ಬರುತ್ತದೆ. ಬದುಕಿನ ಸುಖದುಃಖಗಳೆಲ್ಲ ನೆಲೆಸಿರುವ ಮನೆ ಅದೇ ಎಂದು ನಮ್ಮ ಹಿರಿಯರು ಭಾವಿಸಿದ್ದರು. ಹೊಲದಲ್ಲಿ ಉಳುತ್ತಿದ್ದ ಗಟ್ಟಿಮುಟ್ಟಾದ ರೈತನೊಬ್ಬ ಎದೆಯನ್ನು ಅವುಚಿಕೊಂಡು ಕುಸಿದು, ನೋಡನೋಡುತ್ತಿದ್ದಂತೆಯೇ ಪ್ರಾಣ ಬಿಟ್ಟರೆ, 'ಎದೆಯೊಡೆದು ಸತ್ತ' ಎಂದು ಜನ ಹೇಳುತ್ತಿದ್ದರು. ಆ ಮಾತಿನಲ್ಲಿ ಮರುಕವಿತ್ತು. ಕಾರಣದ ತಿಳಿವಳಿಕೆ ಇರಲಿಲ್ಲ. ಎದೆಯೊಳಗೆ ನಡೆದುದೇನು? ಅದು ಮೊದಲೇ ತಿಳಿಯುವಂತಿತ್ತೆ? ತಿಳಿದಿದ್ದರೆ ಆ ಜೀವವನ್ನು ಉಳಿಸಬಹುದಾಗಿತ್ತೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಹೊರಟ ವಿಜ್ಞಾನಿಗಳು ಕಳೆದ ಎಪ್ಪತ್ತು ವರ್ಷಗಳಲ್ಲಿ ಒಬ್ಬ ಹೊಸ ಸಾಕ್ಷಿಯನ್ನು ಕಂಡುಕೊಂಡಿದ್ದಾರೆ. ಆ ಸಾಕ್ಷಿ ರೋಗಿಯ ರಕ್ತ.

ಸಾಕ್ಷಿಯ ಮಾತನ್ನು ಕೇಳುವ ಮೊದಲು ಹೃದಯದ ಕೆಲಸವನ್ನು ಸ್ವಲ್ಪ ತಿಳಿಯಬೇಕು. ಹೃದಯವು ಸ್ನಾಯುವಿನಿಂದಾದ ಒಂದು ಪಂಪು. ಗಾತ್ರದಲ್ಲಿ ಅದು ಸುಮಾರಾಗಿ ಅವರವರ ಹಿಡಿಮುಷ್ಟಿಯಷ್ಟು. ವಿಶ್ರಾಂತಿಯಲ್ಲಿರುವ ವಯಸ್ಕನ ಹೃದಯ ನಿಮಿಷಕ್ಕೆ ಸುಮಾರು ೭೦ ಸಲ ಮಿಡಿದು ೫ ಲೀಟರುಗಳಷ್ಟು ರಕ್ತವನ್ನು ಹೊರದೂಡುತ್ತದೆ. ಒಂದು ದಿನದಲ್ಲಿ ಅದರ ಮಿಡಿತಗಳ ಸಂಖ್ಯೆ ಒಂದು ಲಕ್ಷವನ್ನು ಮುಟ್ಟುತ್ತದೆ. ಹೀಗೆ ಹೊರಟ ರಕ್ತ ದೇಹವನ್ನೆಲ್ಲ ಸುತ್ತಿ ಮತ್ತೆ ಹೃದಯಕ್ಕೇ ಬಂದು ಸೇರುತ್ತದೆಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ೧೬೨೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಸಾಧಾರವಾಗಿ ತೋರಿಸಿಕೊಟ್ಟನು.

ದೇಹಕ್ಕೆಲ್ಲ ರಕ್ತವನ್ನು ಹಂಚುವ ಹೃದಯಕ್ಕೂ ತನ್ನ ಪಾಲಿನ ರಕ್ತ ಬೇಕು. ಅದನ್ನು ತಲುಪಿಸುವ ನಾಳಗಳು ಹೃದಯವನ್ನು ಕಿರೀಟದಂತೆ ಸುತ್ತುವರಿದಿರುವುದರಿಂದ ಅವುಗಳಿಗೆ ಕಿರೀಟ ಧಮನಿಗಳೆಂಬ ಹೆಸರು ಬಂದಿದೆ. ಈ ಧಮನಿಗಳ ಒಳಗೋಡೆಯಲ್ಲಿ ಕೊಬ್ಬು ಸೇರಿಕೊಂಡ ದಪ್ಪನೆಯ ಪದರವೊಂದು ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಅದು ಬಿರುಕು ಬಿಟ್ಟ ದಿನ, ಆ ಗಾಯದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪು ಬೆಳೆದು ನಾಳವನ್ನು ಮುಚ್ಚಿದರೆ ಅದರಾಚೆಗಿರುವ ಸ್ನಾಯುವಿಗೆ ಆಮ್ಲಜನಕ ದೊರೆಯದೆ ಅಲ್ಲಿಯ ಜೀವಕೋಶಗಳು ಸಾಯತೊಡಗುತ್ತವೆ. ಇದೇ ಹೃದಯಾಘಾತ. ಎದೆ ಒಡೆಯುವುದಲ್ಲ, ಎದೆಯ ಒಂದು ಭಾಗ ಆಹಾರವಿಲ್ಲದೆ ಸಾಯುವುದು. ನಾಳವನ್ನು ಎಷ್ಟು ಬೇಗ ತೆರೆಯಲಾಗುವುದೋ ಅಷ್ಟು ಹೆಚ್ಚು ಸ್ನಾಯು ಉಳಿಯುತ್ತದೆ. ಆದುದರಿಂದ ಈ ರೋಗದಲ್ಲಿ ಕಾಲವೇ ಜೀವ.

ಮಲೆನಾಡಿನ ಹೊಳೆದಂಡೆಯ ಜನ ನೀರು ಕೆಂಪಾಗಿ ಬರುವುದನ್ನು ಕಂಡೊಡನೆ, ತಮ್ಮೂರಿನಲ್ಲಿ ಒಂದು ಹನಿ ಬೀಳದಿದ್ದರೂ, ಮೇಲೆ ಘಟ್ಟದಲ್ಲಿ ಮಳೆಯಾಗಿದೆಯೆಂದು ಅರಿಯುತ್ತಾರೆ; ಅರಿತು, ದೋಣಿಯನ್ನು ದಡದ ಮೇಲಕ್ಕೆ ಎಳೆದು ಕಟ್ಟುತ್ತಾರೆ. ರಕ್ತವೂ ಅಂಥದೊಂದು ಹೊಳೆ. ಅದು ಹರಿದು ಬಂದ ಅಂಗಗಳ ಸುದ್ದಿಯನ್ನು ತನ್ನೊಡನೆ ಹೊತ್ತು ತರುತ್ತದೆ. ದೇಹದೊಳಗಿನ ಸ್ಥಿತಿಯನ್ನು ಹೀಗೆ ತಿಳಿಯಪಡಿಸುವ, ಅಳೆಯಲು ಬರುವ ವಸ್ತುಗಳಿಗೆ ಜೈವಿಕ ಸೂಚಕಗಳೆಂದು ಹೆಸರು. ಇವುಗಳಲ್ಲಿ ಕೆಲವು ನಡೆದುಹೋದ ಹಾನಿಯನ್ನು ತಿಳಿಸುತ್ತವೆ. ಕೆಲವು ನಡೆಯುತ್ತಿರುವ ಸಂಕಟವನ್ನು ತಿಳಿಸುತ್ತವೆ. ಮತ್ತೆ ಕೆಲವು ಮುಂದೆ ಬರಬಹುದಾದ ಅಪಾಯವನ್ನು ಸೂಚಿಸುತ್ತವೆ.

ಹಾನಿಯ ಸೂಚಕಗಳ ಕಥೆ ೧೯೫೪ರಲ್ಲಿ ಆರಂಭವಾಗುತ್ತದೆ. ಸತ್ತ ಜೀವಕೋಶದ ಪೊರೆ ಹರಿದಾಗ ಅದರೊಳಗಿನ ವಸ್ತುಗಳು ಹೊರಚೆಲ್ಲಿ ರಕ್ತವನ್ನು ಸೇರುತ್ತವೆ. ತೂತು ಬಿದ್ದ ಗೋಣಿಚೀಲವನ್ನು ಹೇರಿಕೊಂಡು ಗಾಡಿಯೊಂದು ಹೋದರೆ ದಾರಿಯುದ್ದಕ್ಕೂ ಕಾಳು ಉದುರುತ್ತದೆ. ಹಿಂದೆ ಬರುವವನು ಗಾಡಿಯನ್ನು ಕಾಣದಿದ್ದರೂ ಅದರಲ್ಲಿದ್ದುದು ರಾಗಿಯೋ ಜೋಳವೋ ಎಂಬುದನ್ನೂ, ಸೋರಿದ್ದು ಹೆಚ್ಚೋ ಕಡಮೆಯೋ ಎಂಬುದನ್ನೂ ಹೇಳಬಲ್ಲನು. ಇದೇ ತರ್ಕವನ್ನು ಹಿಡಿದು ನ್ಯೂಯಾರ್ಕಿನಲ್ಲಿ ಆರ್ಥರ್ ಕಾರ್ಮೆನ್, ಫೆಲಿಕ್ಸ್ ರೊಬ್ಲೆವ್‌ಸ್ಕಿ ಮತ್ತು ಜಾನ್ ಲಾಡ್ಯೂ ಎಂಬ ಮೂವರು ಹೃದಯಾಘಾತವಾದವರ ರಕ್ತವನ್ನು ಪರೀಕ್ಷಿಸಿದರು. ಟ್ರಾನ್ಸ್‌ಅಮಿನೇಸ್ ಎಂಬ ಕಿಣ್ವದ ಪ್ರಮಾಣ ಅವರ ರಕ್ತದಲ್ಲಿ ಏರಿರುವುದು ಕಂಡುಬಂದಿತು. ಆದರೆ ಈ ಸಾಕ್ಷಿಗೆ ಒಂದು ದೋಷವಿತ್ತು. ಅದೇ ಕಿಣ್ವ ಯಕೃತ್ತಿನಲ್ಲಿಯೂ ಹೇರಳವಾಗಿರುವುದರಿಂದ, ಯಕೃತ್ತಿನ ರೋಗವುಳ್ಳವರ ರಕ್ತದಲ್ಲಿಯೂ ಅದು ಏರುತ್ತಿತ್ತು. ಅನಂತರ ಬಳಕೆಗೆ ಬಂದ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ ಕೈಕಾಲುಗಳ ಸ್ನಾಯುಗಳಲ್ಲಿಯೂ ಇರುವುದರಿಂದ, ಬಿದ್ದು ಪೆಟ್ಟಾದವರಲ್ಲಿಯೂ ಅದು ಹೆಚ್ಚುತ್ತಿತ್ತು. ಹೃದಯದ ಹೆಸರನ್ನು ಮಾತ್ರ ಹೇಳುವ ಸಾಕ್ಷಿಯೊಂದು ಬೇಕಾಗಿತ್ತು.

ಅಂಥ ಸಾಕ್ಷಿ ದೊರೆತದ್ದು ರೋಗಿಯ ಹಾಸಿಗೆಯ ಬಳಿಯಲ್ಲಲ್ಲ, ಸ್ನಾಯು ಸಂಕುಚಿಸುವ ಬಗೆಯನ್ನು ಅರಿಯಲು ನಡೆದ ಮೂಲ ಸಂಶೋಧನೆಯಲ್ಲಿ. ೧೯೬೦ರ ದಶಕದಲ್ಲಿ ಜಪಾನಿನ ಸೆತ್ಸುರೊ ಎಬಾಶಿ ಅವರು ಸ್ನಾಯುತಂತುವಿನಲ್ಲಿ ಟ್ರೋಪೋನಿನ್ ಎಂಬ ಪ್ರೋಟೀನನ್ನು ಕಂಡುಹಿಡಿದರು. ಸುಣ್ಣದ ಅಂಶವಾದ ಕ್ಯಾಲ್ಸಿಯಂ ಬಂದು ಸೇರಿದಾಗ ಸ್ನಾಯು ಬಿಗಿಯುವಂತೆಯೂ, ಅದು ಹಿಂದಿರುಗಿದಾಗ ಸಡಿಲುವಂತೆಯೂ ನಿಯಂತ್ರಿಸುವ ಅಗುಳಿಯಂಥ ವಸ್ತು ಇದು. ಟ್ರೋಪೋನಿನ್‌ನಲ್ಲಿ ಟಿ, ಐ, ಸಿ ಎಂಬ ಮೂರು ಘಟಕಗಳಿವೆ. ಇವುಗಳಲ್ಲಿ ಟಿ ಮತ್ತು ಐ ಘಟಕಗಳ ರಚನೆ ಹೃದಯದಲ್ಲಿ ಒಂದು ಬಗೆಯಾಗಿದ್ದು ಕೈಕಾಲುಗಳ ಸ್ನಾಯುವಿನಲ್ಲಿ ಬೇರೊಂದು ಬಗೆಯಾಗಿರುತ್ತದೆ. ಈ ಸಣ್ಣ ವ್ಯತ್ಯಾಸವೇ ವೈದ್ಯಶಾಸ್ತ್ರಕ್ಕೆ ದೊಡ್ಡ ಉಪಕಾರವನ್ನು ಮಾಡಿತು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಹ್ಯೂಗೊ ಕಾಟುಸ್ ಮತ್ತು ಅವರ ಸಂಗಡಿಗರು ಹೃದಯದ ಟ್ರೋಪೋನಿನ್-ಟಿಯನ್ನು ಮಾತ್ರ ಗುರುತಿಸಿ ಹಿಡಿಯುವ ಪ್ರತಿಕಾಯಗಳನ್ನು ಬಳಸಿ, ಅದನ್ನು ರಕ್ತದಲ್ಲಿ ಅಳೆಯುವ ವಿಧಾನವನ್ನು ೧೯೮೯ರಲ್ಲಿ ಪ್ರಕಟಿಸಿದರು. ಸ್ನಾಯುವಿನ ಒಂದು ಪ್ರೋಟೀನಿನ ಬಗೆಗೆ ಕೇವಲ ಕುತೂಹಲದಿಂದ ಆರಂಭವಾದ ಅಧ್ಯಯನ ಇಪ್ಪತ್ತೈದು ವರ್ಷಗಳ ಅನಂತರ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿತು.

ಇಂದಿನ ಸೂಕ್ಷ್ಮ ಪರೀಕ್ಷೆಗಳ ಅಳತೆ ನಮ್ಮ ಕಲ್ಪನೆಗೂ ನಿಲುಕದಷ್ಟು ಕಿರಿದು. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ನ್ಯಾನೊಗ್ರಾಂ ಎಂದು ಹೆಸರು. ಬಳಕೆಯಲ್ಲಿರುವ ಒಂದು ಪರೀಕ್ಷೆಯಲ್ಲಿ ಆರೋಗ್ಯವಂತರ ಟ್ರೋಪೋನಿನ್-ಟಿಯ ಮೇಲ್ಮಿತಿ ಲೀಟರಿಗೆ ೧೪ ನ್ಯಾನೊಗ್ರಾಂ ಮಾತ್ರ. ಎದೆನೋವಿನಿಂದ ಬಂದ ರೋಗಿಗೆ ಮೊದಲು ಇ.ಸಿ.ಜಿ. ತೆಗೆಯುತ್ತಾರೆ. ನಾಳ ಪೂರ್ತಿಯಾಗಿ ಮುಚ್ಚಿರುವ ಗುರುತು ಅದರಲ್ಲಿ ಕಂಡರೆ ರಕ್ತಪರೀಕ್ಷೆಗಾಗಿ ಕಾಯದೆ ಚಿಕಿತ್ಸೆಯನ್ನು ಆರಂಭಿಸುತ್ತಾರೆ. ಆದರೆ ಎಷ್ಟೋ ಮಂದಿಯಲ್ಲಿ ಇ.ಸಿ.ಜಿ. ಸ್ಪಷ್ಟವಾಗಿ ಏನನ್ನೂ ಹೇಳುವುದಿಲ್ಲ. ಅಲ್ಲಿ ಟ್ರೋಪೋನಿನ್‌ನ ಮಾತು ನಿರ್ಣಾಯಕವಾಗುತ್ತದೆ. ನೋವು ಆರಂಭವಾದೊಡನೆ ಅದು ಏರುವುದಿಲ್ಲವಾದ್ದರಿಂದ, ಒಂದು ಸಲ ನೋಡಿ ಸುಮ್ಮನಾಗದೆ ಕೆಲವು ಗಂಟೆಗಳ ಅಂತರದಲ್ಲಿ ಮತ್ತೆ ಪರೀಕ್ಷಿಸಿ, ಏರುತ್ತಿದೆಯೋ ಇಲ್ಲವೋ ಎಂಬುದನ್ನು ಗಮನಿಸುತ್ತಾರೆ. ಯೂರೋಪು ಮತ್ತು ಅಮೆರಿಕದ ಹೃದ್ರೋಗತಜ್ಞರ ಸಂಘಗಳು ೨೦೦೦ದಲ್ಲಿ ಒಟ್ಟುಗೂಡಿ ಹೃದಯಾಘಾತದ ವ್ಯಾಖ್ಯೆಯನ್ನೇ ಹೊಸದಾಗಿ ಬರೆದು, ಅದರಲ್ಲಿ ಟ್ರೋಪೋನಿನ್‌ಗೆ ಮುಖ್ಯ ಸ್ಥಾನವನ್ನು ಕೊಟ್ಟವು.

ಹೀಗೆ ಆದುದನ್ನು ಹೇಳುವ ಸಾಕ್ಷಿ, ಮುಂದೆ ಆಗಬಹುದಾದುದನ್ನೂ ಹೇಳಬಲ್ಲದೆ? ಅಮೆರಿಕದಲ್ಲಿ ೧೯೯೬ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಎದೆನೋವಿನಿಂದ ಆಸ್ಪತ್ರೆಗೆ ಬಂದಿದ್ದ ೧,೪೦೪ ರೋಗಿಗಳ ರಕ್ತದಲ್ಲಿ ಟ್ರೋಪೋನಿನ್-ಐಯನ್ನು ಅಳೆದು, ೪೨ ದಿನಗಳವರೆಗೆ ಅವರ ಸ್ಥಿತಿಯನ್ನು ಗಮನಿಸಲಾಯಿತು. ಟ್ರೋಪೋನಿನ್ ಗೊತ್ತಾದ ಮಿತಿಯನ್ನು ಮುಟ್ಟಿದ್ದ ೫೭೩ ಮಂದಿಯಲ್ಲಿ ೨೧ ಮಂದಿ, ಅಂದರೆ ನೂರಕ್ಕೆ ೩.೭ರಷ್ಟು ಮಂದಿ ತೀರಿಕೊಂಡರು. ಮಿತಿಯೊಳಗಿದ್ದ ೮೩೧ ಮಂದಿಯಲ್ಲಿ ೮ ಮಂದಿ, ಅಂದರೆ ನೂರಕ್ಕೆ ಒಬ್ಬರು ತೀರಿಕೊಂಡರು. ಮಟ್ಟ ಏರಿದಂತೆಲ್ಲ ಅಪಾಯವೂ ಏರುತ್ತಿತ್ತು.

ಈ ಅಂಕಿಗಳನ್ನು ಎರಡು ಸಲ ಓದಬೇಕು. ಮೊದಲ ಸಲ ಓದಿದಾಗ, ಟ್ರೋಪೋನಿನ್ ಏರಿದವರ ಅಪಾಯ ಉಳಿದವರ ಅಪಾಯಕ್ಕಿಂತ ಹೆಚ್ಚುಕಡಮೆ ನಾಲ್ಕು ಪಟ್ಟು ಎಂಬುದು ಕಾಣುತ್ತದೆ. ಎರಡನೆಯ ಸಲ ಓದಿದಾಗ, ಟ್ರೋಪೋನಿನ್ ಏರಿದ್ದ ೫೭೩ ಮಂದಿಯಲ್ಲಿ ೫೫೨ ಮಂದಿ ಬದುಕಿದ್ದರೆಂಬುದೂ, ಏರದಿದ್ದವರಲ್ಲಿಯೂ ೮ ಮಂದಿ ಉಳಿಯಲಿಲ್ಲವೆಂಬುದೂ ಕಾಣುತ್ತದೆ. ರಕ್ತದ ಅಂಕಿ ಗುಂಪಿನ ಮಾತನ್ನು ಹೇಳುತ್ತದೆ, ಒಬ್ಬನ ಹಣೆಬರಹವನ್ನಲ್ಲ. ಜಾತಕವನ್ನು ನೋಡಿ ಆಯುಸ್ಸನ್ನು ಹೇಳುವವರ ಮಾತಿಗೂ ವೈದ್ಯನ ಮುನ್ಸೂಚನೆಗೂ ಇರುವ ಅಂತರ ಇದೇ. ಆ ಭವಿಷ್ಯವನ್ನು ಕೇಳಿದವನು ಕೈಕಟ್ಟಿ ಕುಳಿತುಕೊಳ್ಳಬೇಕು. ಈ ಮುನ್ಸೂಚನೆಯನ್ನು ಕೇಳಿದವನು ಏಳಬೇಕು. ಏಕೆಂದರೆ ಅಪಾಯ ಯಾರಿಗೆ ಹೆಚ್ಚು ಎಂದು ತಿಳಿದರೆ ತೀವ್ರವಾದ ಚಿಕಿತ್ಸೆ ಯಾರಿಗೆ ಬೇಕೆಂಬುದೂ ತಿಳಿಯುತ್ತದೆ. ೨೦೦೧ರಲ್ಲಿ ಪ್ರಕಟವಾದ, ೨,೨೨೦ ರೋಗಿಗಳನ್ನೊಳಗೊಂಡ ಇನ್ನೊಂದು ಅಧ್ಯಯನದಲ್ಲಿ, ಬೇಗನೆ ನಾಳಗಳನ್ನು ಪರೀಕ್ಷಿಸಿ ಅಗತ್ಯವಿದ್ದರೆ ತೆರೆಯುವ ಕ್ರಮದಿಂದ ವಿಶೇಷ ಲಾಭವಾದದ್ದು ಟ್ರೋಪೋನಿನ್ ಏರಿದ್ದವರಿಗೇ. ಕೆಟ್ಟ ಸುದ್ದಿಯನ್ನು ತಂದ ಸೂಚಕವೇ ಒಳ್ಳೆಯ ದಾರಿಯನ್ನೂ ತೋರಿಸಿತು.

ಎರಡನೆಯ ಬಗೆಯ ಸೂಚಕ ಸಂಕಟದ್ದು. ೧೯೮೧ರಲ್ಲಿ ಕೆನಡಾದ ಕಿಂಗ್‌ಸ್ಟನ್ ನಗರದಲ್ಲಿ ಅಡಾಲ್ಫೊ ಡಿ ಬೋಲ್ಡ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇಲಿಗಳ ಹೃದಯದ ಮೇಲಿನ ಕೋಣೆಗಳಿಂದ ಸಾರವನ್ನು ತೆಗೆದು ಬೇರೆ ಇಲಿಗಳಿಗೆ ಚುಚ್ಚಿದರು. ಆ ಇಲಿಗಳ ಮೂತ್ರದಲ್ಲಿ ಉಪ್ಪೂ ನೀರೂ ಬಹಳವಾಗಿ ಹೊರಬಿದ್ದವು. ಹೃದಯ ಬರಿಯ ಪಂಪಲ್ಲ, ರಕ್ತದೊಳಕ್ಕೆ ಸಂದೇಶಗಳನ್ನು ಕಳುಹಿಸುವ ಗ್ರಂಥಿಯೂ ಹೌದು ಎಂಬುದು ಇದರಿಂದ ತಿಳಿದುಬಂದಿತು. ೧೯೮೮ರಲ್ಲಿ ಜಪಾನಿನ ವಿಜ್ಞಾನಿಗಳು ಇದೇ ಕುಲದ ಇನ್ನೊಂದು ವಸ್ತುವನ್ನು ಹಂದಿಯ ಮೆದುಳಿನಿಂದ ಬೇರ್ಪಡಿಸಿದರು. ಆ ಕಾರಣದಿಂದ ಅದರ ಹೆಸರಿನಲ್ಲಿ ಮೆದುಳು ಸೇರಿಕೊಂಡಿತು. ಅದರ ಮುಖ್ಯ ತವರು ಹೃದಯದ ಕೆಳಕೋಣೆಗಳೆಂಬುದು ಆಮೇಲೆ ಗೊತ್ತಾಯಿತು. ಇಂದು ಅದನ್ನು ಬಿ.ಎನ್.ಪಿ. ಎಂದು ಕರೆಯುತ್ತಾರೆ.

ಹೃದಯ ದುರ್ಬಲವಾಗಿ ರಕ್ತವನ್ನು ಸರಿಯಾಗಿ ಹೊರದೂಡದಿದ್ದಾಗ ಅದರ ಕೋಣೆಗಳು ಹಿಗ್ಗುತ್ತವೆ. ಹೀಗೆ ಹಿಗ್ಗಿದ ಗೋಡೆ ಬಿ.ಎನ್.ಪಿ.ಯನ್ನು ಸ್ರವಿಸುತ್ತದೆ. ಉಪ್ಪನ್ನೂ ನೀರನ್ನೂ ಹೊರಗೆ ಹಾಕಿ ತನ್ನ ಹೊರೆಯನ್ನು ಇಳಿಸಿಕೊಳ್ಳಲು ಹೃದಯ ಮಾಡುವ ಪ್ರಯತ್ನ ಅದು. ನಡುರಾತ್ರಿಯಲ್ಲಿ ಏದುಸಿರು ಬಿಡುತ್ತ ಬಂದ ವೃದ್ಧರೊಬ್ಬರ ತೊಂದರೆ ಶ್ವಾಸಕೋಶದ್ದೋ ಹೃದಯದ್ದೋ ಎಂಬುದನ್ನು ನಿರ್ಧರಿಸುವುದು ನುರಿತ ವೈದ್ಯರಿಗೂ ಸುಲಭವಲ್ಲ. ಒಂದರ ಚಿಕಿತ್ಸೆ ಇನ್ನೊಂದಕ್ಕೆ ಒದಗುವುದಿಲ್ಲ. ೨೦೦೨ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಉಸಿರಾಟದ ತೊಂದರೆಯಿಂದ ಬಂದಿದ್ದ ೧,೫೮೬ ಮಂದಿಯನ್ನು ಪರೀಕ್ಷಿಸಲಾಯಿತು. ಮಿಲಿಲೀಟರಿಗೆ ೧೦೦ ಪಿಕೊಗ್ರಾಂ ಎಂಬ ಒಂದೇ ಗೆರೆಯನ್ನು ಹಾಕಿಕೊಂಡರೂ ಬಿ.ಎನ್.ಪಿ.ಯ ನಿರ್ಣಯ ನೂರಕ್ಕೆ ಸುಮಾರು ೮೩ ಸಲ ಸರಿಯಾಗಿತ್ತು. ಹೃದಯವೈಫಲ್ಯವುಳ್ಳವರಲ್ಲಿ ಈ ಮಟ್ಟ ಹೆಚ್ಚಿದ್ದಷ್ಟೂ ಮುಂದಿನ ಅಪಾಯ ಹೆಚ್ಚು. ಚಿಕಿತ್ಸೆಯಿಂದ ಅದು ಇಳಿದರೆ ಶುಭಸೂಚನೆ. ಆಸ್ಪತ್ರೆಯಿಂದ ಮನೆಗೆ ಹೊರಡುವ ವೇಳೆಯಲ್ಲಿಯೂ ಅದು ಮೇಲೆಯೇ ನಿಂತಿದ್ದರೆ ಅಂಥವರನ್ನು ಹೆಚ್ಚಿನ ಎಚ್ಚರದಿಂದ ನೋಡಿಕೊಳ್ಳಬೇಕು.

ಮೂರನೆಯ ಬಗೆಯ ಸೂಚಕಗಳು ಇನ್ನೂ ಆಗದಿರುವುದನ್ನು ಕುರಿತವು. ಕೊಲೆಸ್ಟರಾಲ್ ಇವುಗಳಲ್ಲಿ ಎಲ್ಲರೂ ಬಲ್ಲದ್ದು. ಅಮೆರಿಕದ ಫ್ರೇಮಿಂಗ್‌ಹ್ಯಾಂ ಎಂಬ ಪಟ್ಟಣದಲ್ಲಿ ೧೯೪೮ರಲ್ಲಿ ಆರಂಭಿಸಿ ೫,೨೦೯ ಸ್ತ್ರೀಪುರುಷರನ್ನು ದಶಕಗಳ ಕಾಲ ಗಮನಿಸಿದ ಅಧ್ಯಯನವು, ರಕ್ತದೊತ್ತಡ ಮತ್ತು ಧೂಮಪಾನಗಳ ಜೊತೆಗೆ ಕೊಲೆಸ್ಟರಾಲನ್ನೂ ಅಪಾಯದ ಕಾರಣಗಳ ಪಟ್ಟಿಗೆ ಸೇರಿಸಿತು. ೧೯೬೩ರಲ್ಲಿ ನಾರ್ವೆಯ ಕೋರೆ ಬೆರ್ಗ್ ಲಿಪೊಪ್ರೋಟೀನ್-ಎ ಎಂಬ ಇನ್ನೊಂದು ಕಣವನ್ನು ಕಂಡುಹಿಡಿದರು. ಇದರ ಮಟ್ಟ ಬಹುಮಟ್ಟಿಗೆ ತಂದೆತಾಯಿಗಳಿಂದಲೇ ಬರುವಂಥದು. ಚಿಕ್ಕ ವಯಸ್ಸಿನ ಹೃದಯಾಘಾತಗಳು ಕೆಲವು ಮನೆತನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಸಿ.ಆರ್.ಪಿ. ಎಂಬುದು ಬೇರೊಂದು ದಾರಿಯಿಂದ ಬಂದುದು. ೧೯೩೦ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಇದನ್ನು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡರು. ದೇಹದಲ್ಲಿ ಎಲ್ಲಿಯೇ ಉರಿಯೂತವಾಗಲಿ, ಇದು ಏರುತ್ತದೆ. ಧಮನಿಯ ಗೋಡೆಯಲ್ಲಿ ಬೂದಿ ಮುಚ್ಚಿದ ಕೆಂಡದಂತಿರುವ ಉರಿಯೂತವನ್ನೂ ಇದು ಸೂಚಿಸಬಹುದೆ? ೨೦೦೮ರಲ್ಲಿ ಪ್ರಕಟವಾದ ಜುಪಿಟರ್ ಅಧ್ಯಯನದಲ್ಲಿ, ಕೊಲೆಸ್ಟರಾಲ್ ಹೆಚ್ಚಿಲ್ಲದ ಆದರೆ ಸಿ.ಆರ್.ಪಿ. ಹೆಚ್ಚಿದ್ದ ೧೭,೮೦೨ ಮಂದಿಯನ್ನು ಎರಡು ಸಮಭಾಗ ಮಾಡಿ, ಒಂದು ಗುಂಪಿಗೆ ಸ್ಟ್ಯಾಟಿನ್ ಎಂಬ ಔಷಧವನ್ನು ಕೊಡಲಾಯಿತು. ಔಷಧ ಪಡೆದವರಲ್ಲಿ ೧೪೨ ಮಂದಿಗೂ, ಪಡೆಯದವರಲ್ಲಿ ೨೫೧ ಮಂದಿಗೂ ಹೃದಯ ಅಥವಾ ರಕ್ತನಾಳಗಳ ಗಂಭೀರ ತೊಂದರೆ ಉಂಟಾಯಿತು. ಆದರೆ ಆ ಔಷಧ ಕೊಲೆಸ್ಟರಾಲನ್ನೂ ಇಳಿಸಿದ್ದರಿಂದ ಲಾಭ ಯಾವುದರಿಂದ ಬಂದಿತೆಂಬ ಸಂದೇಹ ಉಳಿಯಿತು. ಕೊಲೆಸ್ಟರಾಲನ್ನು ಮುಟ್ಟದೆ ಉರಿಯೂತವನ್ನು ಮಾತ್ರ ತಗ್ಗಿಸುವ ಔಷಧವನ್ನು ೧೦,೦೬೧ ರೋಗಿಗಳಲ್ಲಿ ಪರೀಕ್ಷಿಸಿದ ಇನ್ನೊಂದು ಅಧ್ಯಯನ ೨೦೧೭ರಲ್ಲಿ ಹೊರಬಂದಿತು. ಹೃದಯಾಘಾತಗಳೇನೋ ಕಡಮೆಯಾದವು, ಆದರೆ ಪ್ರಾಣಾಂತಿಕವಾದ ಸೋಂಕುಗಳು ಸ್ವಲ್ಪ ಹೆಚ್ಚಿದವು. ಹೊಗೆ ಕಂಡಲ್ಲಿ ಬೆಂಕಿಯಿದೆ ಎಂಬುದು ನಿಜ. ಬೆಂಕಿಯನ್ನು ಆರಿಸಲು ಹೋಗಿ ಒಲೆಯನ್ನೇ ನಂದಿಸಬಾರದೆಂಬುದೂ ಅಷ್ಟೇ ನಿಜ.

ಈ ಸಂಗತಿಗಳೆಲ್ಲ ಎಲ್ಲೋ ದೂರದ ದೇಶಗಳಿಗೆ ಸಂಬಂಧಿಸಿದವು ಎಂದು ಯಾರೂ ತಿಳಿಯಬಾರದು. ಬೆಂಗಳೂರಿನಲ್ಲಿ ಮೊದಲ ಸಲ ಹೃದಯಾಘಾತವಾದ ೨೦೦ ಮಂದಿಯನ್ನು ಅದೇ ವಯಸ್ಸಿನ ಇತರ ೨೦೦ ಮಂದಿಯೊಡನೆ ಹೋಲಿಸಿದ ಅಧ್ಯಯನವೊಂದು ೧೯೯೬ರಲ್ಲಿ ಪ್ರಕಟವಾಯಿತು. ಸಿಗರೇಟು ಬೀಡಿಗಳ ಚಟ ಎಲ್ಲಕ್ಕಿಂತ ಮುಖ್ಯವಾದ ಅಪಾಯಕಾರಣವೆಂದೂ, ರಕ್ತದ ಸಕ್ಕರೆಯ ಏರಿಕೆ ಇನ್ನೊಂದು ಪ್ರಬಲ ಸೂಚನೆಯೆಂದೂ ಅದು ತೋರಿಸಿತು. ೫೨ ದೇಶಗಳನ್ನು ಒಳಗೊಂಡ ಮತ್ತೊಂದು ದೊಡ್ಡ ಅಧ್ಯಯನದ ಪ್ರಕಾರ, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವಾಗುವ ಮಧ್ಯಕ ವಯಸ್ಸು ೫೩. ಇತರ ದೇಶಗಳವರಲ್ಲಿ ಅದು ಸುಮಾರು ೫೯. ದುಡಿದು ಮನೆಯನ್ನು ಸಾಕುತ್ತಿರುವ, ಮಕ್ಕಳ ಓದು ಇನ್ನೂ ಮುಗಿಯದಿರುವ ವಯಸ್ಸಿನಲ್ಲಿಯೇ ನಮ್ಮವರನ್ನು ಈ ರೋಗ ಹಿಡಿಯುತ್ತದೆ.

ಇದಕ್ಕಿಂತ ಚಿಂತಿಸಬೇಕಾದ ಸಂಗತಿ ೨೦೦೮ರಲ್ಲಿ ಹೊರಬಂದಿತು. ಭಾರತದ ೫೦ ನಗರಗಳ ೮೯ ಆಸ್ಪತ್ರೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ವಿವರಗಳನ್ನು ಕಲೆಹಾಕಿದಾಗ, ನೋವು ಆರಂಭವಾದ ಮೇಲೆ ಆಸ್ಪತ್ರೆಯನ್ನು ತಲುಪಲು ಹಿಡಿದ ಮಧ್ಯಕ ಕಾಲ ೩೬೦ ನಿಮಿಷ, ಅಂದರೆ ಆರು ಗಂಟೆ ಎಂಬುದು ತಿಳಿದುಬಂದಿತು. ಮೂವತ್ತು ದಿನಗಳೊಳಗೆ ಮೃತರಾದವರು ಬಡವರಲ್ಲಿ ನೂರಕ್ಕೆ ೮.೨, ಸಿರಿವಂತರಲ್ಲಿ ೫.೫. ಈ ಅಂತರ ರಕ್ತದ ಗುಣದಿಂದ ಬಂದುದಲ್ಲ. ದೊರೆತ ಚಿಕಿತ್ಸೆಯಲ್ಲಿದ್ದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡೊಡನೆ ಸಾವಿನ ಅಂತರ ಇಲ್ಲವಾಯಿತು. ಬಡವನ ರಕ್ತವೂ ಸಿರಿವಂತನ ರಕ್ತವೂ ಒಂದೇ ಸಾಕ್ಷ್ಯವನ್ನು ನುಡಿಯುತ್ತವೆ. ಆದರೆ ಆ ಸಾಕ್ಷ್ಯಕ್ಕೆ ದೊರೆಯುವ ಉತ್ತರ ಒಂದೇ ಆಗಿರುವುದಿಲ್ಲ. ಜೈವಿಕ ಸೂಚಕ ಎಷ್ಟೇ ಸೂಕ್ಷ್ಮವಾಗಲಿ, ಅದರ ಹಿಂದೆಯೇ ಚಿಕಿತ್ಸೆ ಬರದಿದ್ದರೆ ಅದು ಸಾವಿನ ಲೆಕ್ಕವನ್ನು ಮುಂಚಿತವಾಗಿ ಬರೆದಿಟ್ಟಂತೆಯೇ ಸರಿ.

ಸೂಚಕಗಳಿಗೆ ಅವುಗಳದೇ ಆದ ಮಿತಿಗಳೂ ಇವೆ. ಟ್ರೋಪೋನಿನ್ ಹೃದಯಕ್ಕೆ ಹಾನಿಯಾಗಿದೆ ಎಂದು ಹೇಳುತ್ತದೆಯೇ ಹೊರತು ಏಕೆ ಆಯಿತೆಂದು ಹೇಳುವುದಿಲ್ಲ. ತೀವ್ರ ಸೋಂಕು, ಹೃದಯಸ್ನಾಯುವಿನ ಉರಿಯೂತ, ದೀರ್ಘಕಾಲದ ಮೂತ್ರಪಿಂಡ ರೋಗ ಇವುಗಳಲ್ಲಿಯೂ ಅದು ಏರಬಹುದು. ಬಿ.ಎನ್.ಪಿ. ಸ್ಥೂಲಕಾಯದವರಲ್ಲಿ ನಿರೀಕ್ಷೆಗಿಂತ ಕಡಮೆಯಿರುತ್ತದೆ. ಸಿ.ಆರ್.ಪಿ. ಸಾಮಾನ್ಯ ಜ್ವರದಲ್ಲಿಯೂ ಹೆಚ್ಚುತ್ತದೆ. ಆದ್ದರಿಂದ ರೋಗಿಯನ್ನು ನೋಡದೆ ಕಾಗದದ ಅಂಕಿಯನ್ನಷ್ಟೇ ನೋಡಿ ತೀರ್ಪು ಕೊಡುವುದು ಸಲ್ಲದು. ನ್ಯಾಯಾಲಯದಲ್ಲಿ ಸಾಕ್ಷಿ ನುಡಿದುದನ್ನು ತೂಗಿನೋಡುವ ನ್ಯಾಯಾಧೀಶರಿರುವಂತೆ, ಇಲ್ಲಿ ರೋಗಿಯ ನೋವು, ವಯಸ್ಸು, ಇ.ಸಿ.ಜಿ. ಎಲ್ಲವನ್ನೂ ಕೂಡಿಸಿ ತೂಗುವ ವೈದ್ಯರಿರಬೇಕು.

ಇನ್ನೊಂದು ಮಾತನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಎದೆಯ ನಡುವೆ ಭಾರವಿಟ್ಟಂತೆ ನೋವು, ಅದು ಎಡತೋಳಿಗೋ ದವಡೆಗೋ ಹರಿಯುವುದು, ತಣ್ಣನೆಯ ಬೆವರು, ಏದುಸಿರು ಇವು ಕಾಣಿಸಿಕೊಂಡಾಗ, 'ವಾಯು ಹಿಡಿದಿರಬೇಕು' ಎಂದು ಜೀರಿಗೆಯ ಕಷಾಯವನ್ನು ಕುಡಿದು ಬೆಳಗಾಗಲೆಂದು ಕಾಯುವುದು ನಮ್ಮ ಮನೆಗಳ ರೂಢಿ. ಆ ಆರು ಗಂಟೆಗಳಲ್ಲಿ ಬಹುಪಾಲು ಕಳೆದುಹೋಗುವುದು ಹೀಗೆ ಕಾಯುವುದರಲ್ಲಿಯೇ. ಮನೆಯ ಹಿರಿಯರು 'ಏನೂ ಇಲ್ಲ, ಮಲಗು' ಎಂದರೂ, ೧೦೮ಕ್ಕೆ ಕರೆಮಾಡಿ ಆಂಬುಲೆನ್ಸನ್ನು ಕರೆಸುವ, ಹತ್ತಿರದ ಆಸ್ಪತ್ರೆಗೆ ಅವರನ್ನು ಕರೆದೊಯ್ಯುವ ಎದೆಗಾರಿಕೆ ಮಕ್ಕಳಿಗಿರಬೇಕು. ಹೊಳೆಯ ಕೆಂಪು ನೀರನ್ನು ಕಂಡು ದೋಣಿಯನ್ನು ಮೇಲಕ್ಕೆಳೆಯುವ ವಿವೇಕ ನಮ್ಮ ಜನಕ್ಕೆ ಹೊಸದಲ್ಲ. ಅದೇ ವಿವೇಕ ಎದೆನೋವಿನ ವಿಷಯದಲ್ಲಿಯೂ ಬಂದರೆ, ವಿಜ್ಞಾನಿಗಳ ಎಪ್ಪತ್ತು ವರ್ಷಗಳ ದುಡಿಮೆ ನಮ್ಮ ಊರುಗಳಲ್ಲಿಯೂ ಫಲ ಕೊಡುತ್ತದೆ.

ಪದಗಳ ಅರ್ಥ

ಅಗುಳಿ – ಬಾಗಿಲನ್ನು ಭದ್ರಪಡಿಸುವ ಸಾಧನ
ಉರಿಯೂತ – ದೇಹದ ಭಾಗವೊಂದು ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುವ ಸ್ಥಿತಿ
ಕಿಣ್ವ – ಜೀವಕೋಶದಲ್ಲಿ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ವಸ್ತು
ಧಮನಿ – ಹೃದಯದಿಂದ ರಕ್ತವನ್ನು ಒಯ್ಯುವ ನಾಳ
ಪಿಕೊಗ್ರಾಂ – ನ್ಯಾನೊಗ್ರಾಮಿನ ಸಾವಿರದಲ್ಲಿ ಒಂದು ಪಾಲು
ಪ್ರತಿಕಾಯ – ನಿರ್ದಿಷ್ಟ ವಸ್ತುವನ್ನು ಗುರುತಿಸಿ ಅದಕ್ಕೆ ಅಂಟಿಕೊಳ್ಳುವ ಪ್ರೋಟೀನು
ಮಧ್ಯಕ – ಕ್ರಮವಾಗಿ ಜೋಡಿಸಿದ ಅಂಕಿಗಳಲ್ಲಿ ನಡುವಿನದು
ಯಕೃತ್ತು – ಪಿತ್ತಜನಕಾಂಗ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
೧. ಕಿರೀಟ ಧಮನಿಗಳಿಗೆ ಆ ಹೆಸರು ಏಕೆ ಬಂದಿತು?
೨. ಜೈವಿಕ ಸೂಚಕ ಎಂದರೇನು?
೩. ಟ್ರೋಪೋನಿನ್‌ನ ಮೂರು ಘಟಕಗಳು ಯಾವುವು?
೪. ಬಿ.ಎನ್.ಪಿ.ಯ ಹೆಸರಿನಲ್ಲಿ ಮೆದುಳು ಸೇರಿಕೊಂಡದ್ದು ಹೇಗೆ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
೧. ಟ್ರಾನ್ಸ್‌ಅಮಿನೇಸ್ ಕಿಣ್ವಕ್ಕಿದ್ದ ದೋಷವೇನು?
೨. ಟ್ರೋಪೋನಿನ್ ಪರೀಕ್ಷೆಯನ್ನು ಕೆಲವು ಗಂಟೆಗಳ ಅಂತರದಲ್ಲಿ ಮತ್ತೆ ಮಾಡುವುದೇಕೆ?
೩. ೧೯೯೬ರ ಅಧ್ಯಯನದ ಅಂಕಿಗಳನ್ನು ಎರಡು ಸಲ ಓದಬೇಕೆಂದು ಲೇಖಕರು ಹೇಳಲು ಕಾರಣವೇನು?

ಇ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿ.
೧. ಹೃದಯಕ್ಕೆ ಸಂಬಂಧಿಸಿದ ಮೂರು ಬಗೆಯ ಸೂಚಕಗಳನ್ನು ಉದಾಹರಣೆಗಳೊಡನೆ ವಿವರಿಸಿ.
೨. ಚಿಕಿತ್ಸೆ ದೊರೆಯದಿದ್ದರೆ ಸೂಚಕಗಳಿಂದ ಪ್ರಯೋಜನವಿಲ್ಲವೆಂಬುದನ್ನು ಪಾಠದ ಆಧಾರದಿಂದ ಸಮರ್ಥಿಸಿ.

ಈ. ಸಂದರ್ಭವನ್ನು ಸೂಚಿಸಿ ವಿವರಿಸಿ.
೧. "ಆ ಮಾತಿನಲ್ಲಿ ಮರುಕವಿತ್ತು, ಕಾರಣದ ತಿಳಿವಳಿಕೆ ಇರಲಿಲ್ಲ."
೨. "ಈ ಮುನ್ಸೂಚನೆಯನ್ನು ಕೇಳಿದವನು ಏಳಬೇಕು."

ಉ. ಭಾಷಾಭ್ಯಾಸ
೧. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ: ಎದೆಯೊಡೆದು, ಹೃದಯಾಘಾತ.
೨. ವಿಗ್ರಹಿಸಿ ಸಮಾಸವನ್ನು ಹೆಸರಿಸಿ: ರಕ್ತನಾಳ, ಸುಖದುಃಖ.
೩. ಎದೆಗುಂದು, ಎದೆ ತುಂಬಿ ಬರು, ಎದೆಗಾರಿಕೆ: ಇವನ್ನು ಸ್ವಂತ ವಾಕ್ಯಗಳಲ್ಲಿ ಬಳಸಿ.